ಹಗುರ ಕೆಲಸ

“ಓರೆ ಮಾಡಿ, ಓರೆ! ಗೋಡೆ ಕೆರೀತಾ ಇದೆ,” ಎಂದು ಗಿಡ್ಡಕ್ಕ ಕೆಳಗಿನ ಮೆಟ್ಟಿಲಿಂದ ಕೂಗಿದಳು.

ಖಾಲಿ ಶವಪೆಟ್ಟಿಗೆ ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಆಸ್ಪತ್ರೆಯ ನೌಕರರಿಗೆಂದು ಈ ಮನೆಗಳನ್ನು ಕಟ್ಟಿದವರಿಗೆ, ನೌಕರರು ಸಾಯುವುದೂ ಉಂಟು ಎಂಬುದು ಹೊಳೆದಿರಲಿಲ್ಲ. ಮೇಲಿನ ತುದಿ ಹಿಡಿದಿದ್ದವನು ಸತ್ತವಳ ತಮ್ಮ. ಅವನು ಪೆಟ್ಟಿಗೆಯನ್ನು ಮೊಣಕಾಲಿಗೆ ಆನಿಸಿಕೊಂಡು ಏದುಸಿರು ಬಿಟ್ಟ.

“ಖಾಲಿ ಇದ್ದಾಗಲೇ ಇಷ್ಟು ಭಾರ. ಅಕ್ಕನ್ನ ಇಟ್ಕೊಂಡು ಇಳಿಸೋರು ಯಾರು?”

“ನಾವೇ.”

“ಹೆಂಗಸರಾ?”

“ಮೂವತ್ತು ವರ್ಷ ಒದ್ದೆ ಹಾಸಿಗೆ ಬಟ್ಟೆ ಹೊತ್ತಿದೀವಿ. ನಿಮ್ಮಕ್ಕ ಅದಕ್ಕಿಂತ ಹಗುರಾನೇ. ಸರೀರಿ ಆ ಕಡೆ, ನಿಮ್ಮ ಸೊಂಟ ಹಿಡ್ಕೊಂಡ್ರೆ ನಿಮ್ಮನ್ನೂ ನಾವೇ ಹೊರ್ಬೇಕಾಗತ್ತೆ.”

ಅವನು ಸರಿದ. ಗಿಡ್ಡಕ್ಕನೂ ಇನ್ನೊಬ್ಬಳೂ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಒಮ್ಮೆ ತಿರುಗಿಸಿ, ಮೇಲಕ್ಕೆ ಒಯ್ದರು.

ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಮಂಚದ ಮೇಲೆ ಹಬೆಯಮ್ಮ ಮಲಗಿದ್ದಳು. ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆ. ಬಟ್ಟೆ ಒಗೆಯುವ ವಿಭಾಗದ ಹಬೆಯಲ್ಲಿ ಮೂವತ್ತನಾಲ್ಕು ವರ್ಷ ಕಳೆದವಳು. ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಯಂತ್ರದ ಬಾಯಿಂದ ಒದ್ದೆ ಬಟ್ಟೆ ಎಳೆಯುತ್ತಿದ್ದಾಗ ಕುಸಿದು ಬಿದ್ದಳು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಹೃದಯದ ಡಾಕ್ಟರು ನಾಲ್ಕು ಜನ ಇದ್ದರು. ಅವರು ಇಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ವಯಸ್ಸು ಐವತ್ತೇಳು.

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಇಪ್ಪತ್ತೆಂಟು. ಕೆಲಸ ಮಾಡುತ್ತಿದ್ದ ಔಷಧಿ ಅಂಗಡಿ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಅವಳ ಎದುರು, ಮನೆಯ ಒಂದೇ ಕುರ್ಚಿಯಲ್ಲಿ, ಆಸ್ಪತ್ರೆಯ ಸೂಪರಿಂಟೆಂಡೆಂಟ್ ಕೂತಿದ್ದ. ತೊಡೆಯ ಮೇಲೆ ಒಂದು ಕಾಗದ.

“ನಿಮ್ಮ ತಾಯಿ ನಮ್ಮ ಆಸ್ಪತ್ರೆಯ ಆಸ್ತಿ ಆಗಿದ್ರು ಕಣಮ್ಮ.”

“ಗೊತ್ತು ಸಾರ್. ಮಂಚ, ಬಕೆಟ್ಟು, ಎಲ್ಲದರ ಮೇಲೂ ನಂಬರ್ ಬರೆದಿರ್ತೀರಿ.”

ಅವನು ಕೇಳಿಸದವನಂತೆ ಕೋಣೆಯ ತುಂಬ ಇದ್ದ ಬಟ್ಟೆ ವಿಭಾಗದ ಹೆಂಗಸರನ್ನು ಎಣಿಸಿದ. ಎಂಟು ಜನ. “ಎಲ್ಲರೂ ಇಲ್ಲೇ ಇದ್ದೀರಲ್ಲ, ಅಲ್ಲಿ ಬಟ್ಟೆ ಯಾರು ನೋಡ್ಕೋತಾರೆ?”

“ಹಗುರ ಕೆಲಸ ಅಲ್ವಾ ಸಾರ್,” ಎಂದಳು ಗಿಡ್ಡಕ್ಕ, “ನಿಮ್ಮ ಆಫೀಸಿನ ಗುಮಾಸ್ತರು ಮಾಡ್ತಾರೆ ಬಿಡಿ.”

ಯಾರೋ ನಕ್ಕರು. ಸಾವಿನ ಮನೆ ಎಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡರು.

*

ಹಗುರ ಎಂಬ ಮಾತು ಹುಟ್ಟಿದ್ದು ನಾಲ್ಕು ವರ್ಷದ ಹಿಂದೆ. ಅಲ್ಲಿಯವರೆಗೆ ಬಟ್ಟೆ ವಿಭಾಗದವರು ಸರ್ಕಾರದ ‘ಕಠಿಣ ಕೆಲಸ’ದ ಪಟ್ಟಿಯಲ್ಲಿದ್ದರು: ಐವತ್ತೈದಕ್ಕೆ ನಿವೃತ್ತಿ, ಪೂರ್ತಿ ಪಿಂಚಣಿ. ಆಮೇಲೆ ಪಿಂಚಣಿ ಸುಧಾರಣೆಗೆಂದು ಒಂದು ಸಮಿತಿಯಾಯಿತು. ಜನ ಹೆಚ್ಚು ಕಾಲ ಬದುಕುತ್ತಾರೆ, ಖಜಾನೆ ತಡೆಯುವುದಿಲ್ಲ, ಪಟ್ಟಿ ಚಿಕ್ಕದಾಗಬೇಕು ಎಂದು ಪತ್ರಿಕೆಗಳಲ್ಲಿ ಬಂತು. ಯಾವ ಕೆಲಸ ಎಷ್ಟು ಕಠಿಣ ಎಂದು ನೋಡಲು ಸಮಿತಿಯವರೇ ಬರುತ್ತಾರೆ ಎಂದೂ ಬಂತು.

ಅವರು ಬರುವ ಹಿಂದಿನ ದಿನ ಹಬೆಯಮ್ಮ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ್ದಳು: “ದೊಡ್ಡೋರು ನೋಡೋಕೆ ಬರ್ತಿದಾರೆ. ಕೊಳಕು ಕೋಣೆ ತೋರಿಸಿ ಮಾನ ಕಳೀಬೇಡಿ. ಗೋಳಾಡೋದೂ ಬೇಡ. ಕೆಲಸ ಬಲ್ಲೋರು ಅಂತ ಗೊತ್ತಾಗ್ಲಿ.”

ಕೆಲಸದ ಬಗ್ಗೆ ಅಷ್ಟು ಹೆಮ್ಮೆ ಇದ್ದವರು ಮಾತ್ರ ಮಾಡಬಹುದಾದ ತಪ್ಪು ಅದು. ನೆಲ ತಿಕ್ಕಿದರು. ಕಿಟಕಿ ತೆಗೆದು ಹಬೆ ಹೊರಗೆ ಬಿಟ್ಟರು. ರಕ್ತ, ಕೀವು ಹತ್ತಿದ ಬಟ್ಟೆಯ ಮೂಟೆಗಳನ್ನು ಹಿಂದಿನ ಶೆಡ್ಡಿಗೆ ಸಾಗಿಸಿದರು. ಬೆನ್ನಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದವರು ಅದನ್ನು ಬಿಚ್ಚಿಟ್ಟರು. ಸಮಿತಿಯ ಅಧ್ಯಕ್ಷ ಮಡಿಸಿಟ್ಟ ಬಟ್ಟೆಯ ಸಾಲು ನೋಡಿ, “ಭೇಷ್, ಆಟದ ಹಾಗೆ ಮಾಡ್ತೀರಲ್ಲಮ್ಮ!” ಎಂದ. ಹಬೆಯಮ್ಮನ ಮುಖ ಅರಳಿತು.

ವರದಿಯಲ್ಲಿ ಮೂರೇ ಸಾಲು: ಕೊಠಡಿಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಸಿಬ್ಬಂದಿ ಲವಲವಿಕೆಯಿಂದಿದ್ದಾರೆ. ಹಗುರ ಸ್ವರೂಪದ ಕೆಲಸ. ನಿವೃತ್ತಿ ಅರವತ್ತೊಂದಕ್ಕೆ ಹೋಯಿತು.

ಗಿಡ್ಡಕ್ಕ ಮೂರು ವಾರ ಹಬೆಯಮ್ಮನ ಜೊತೆ ಮಾತಾಡಲಿಲ್ಲ. ನಾಲ್ಕನೇ ವಾರ ಹಬೆಯಮ್ಮನೇ ಬಂದು, “ಬೈದುಬಿಡು ಮಾರಾಯ್ತಿ, ಸುಮ್ನಿರ್ಬೇಡ,” ಎಂದಳು. ಗಿಡ್ಡಕ್ಕ ಮನಸಾರೆ ಬೈದಳು. ಆಮೇಲೆ ಇಬ್ಬರೂ ಸೇರಿ ಮೊದಲ ಅರ್ಜಿ ಬರೆದರು.

*

“ಇವತ್ತು ಹನ್ನೆರಡಕ್ಕೆ ಸಮಿತಿ ಎದುರು ಕೊನೇ ವಿಚಾರಣೆ,” ಎಂದ ಸೂಪರಿಂಟೆಂಡೆಂಟ್. “ನಿಮ್ಮ ವಿಭಾಗನ ಮತ್ತೆ ಪಟ್ಟಿಗೆ ಸೇರಿಸ್ಬೇಕೋ ಬೇಡ್ವೋ ಅಂತ. ಸಂಘದೋರು ಈ ಸಾವನ್ನೂ ಎತ್ತುತಾರೆ. ಪಾಪ, ತಾಯಿ ಹೆಸರು ಬೀದಿಗೆ ಬರೋದು ಬೇಡ ಅಂತ ಇದನ್ನ ತಂದೆ.”

ಸೋದರಮಾವ ಕಾಗದ ಇಸಿದುಕೊಂಡು ಓದಿ, ಅಕ್ಕನ ಮಗಳನ್ನು ಅಡುಗೆಮನೆಯೊಳಕ್ಕೆ ಕರೆದ. ಪಿಸುಗುಟ್ಟಿದರೂ ಎಲ್ಲರಿಗೂ ಕೇಳುತ್ತಿತ್ತು.

“ಸಹಿ ಹಾಕ್ಬಿಡು ಪುಟ್ಟಿ. ದಾಖಲೆ ವಿಭಾಗದಲ್ಲಿ ನಿಂಗೆ ಕೆಲಸ ಕೊಡ್ತಾರಂತೆ. ಈ ಮನೇಲೇ ಇರಬಹುದು. ಇಲ್ದಿದ್ರೆ ಮೂವತ್ತು ದಿನದಲ್ಲಿ ಖಾಲಿ ಮಾಡ್ಬೇಕು.”

“ಏನಂತ ಬರೆದಿದೆ ಮಾವ?”

“ಏನೋ ಒಂದು. ಸತ್ತೋರಿಗೆ ಯಾವ ಪಟ್ಟಿ ಆದ್ರೇನು? ಬದುಕಿರೋಳು ನೀನು.”

“ಹೊರಗೆ ಎಂಟು ಜನ ಬದುಕಿರೋರು ನಿಂತಿದಾರಲ್ಲ?”

ಮಾವ ತಲೆ ಕೆರೆದುಕೊಂಡ. ಕೆಟ್ಟವನಲ್ಲ, ತನ್ನ ಎರಡು ಕೋಣೆಯ ಮನೆಯಲ್ಲಿ ಈಗಾಗಲೇ ಆರು ಜನ ಇದ್ದಾರೆ, ಇವಳೊಬ್ಬಳಿಗೆ ಎಲ್ಲಿ ಹಾಸಿಗೆ ಹಾಸುವುದು ಎಂಬ ಲೆಕ್ಕ ಅವನ ತಲೆಯಲ್ಲಿ ಓಡುತ್ತಿತ್ತು.

*

ಐವತ್ತೈದು ತುಂಬಿದ ದಿನ ಹಬೆಯಮ್ಮ ಮಾಮೂಲಿನಂತೆ ಕೆಲಸಕ್ಕೆ ಹೋದಳು. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ, ಪಕ್ಕದಲ್ಲಿ ದುಂಡಗೆ ‘ನಿವೃತ್ತೆ’ ಎಂದು ಬರೆದಳು. ಸೂಪರಿಂಟೆಂಡೆಂಟ್ ಕರೆಸಿದ.

“ಏನಮ್ಮ ಇದು?”

“ನಾನು ಸೇರುವಾಗ ಸರ್ಕಾರ ಕೊಟ್ಟ ಮಾತು ಸಾರ್. ಐವತ್ತೈದು.”

“ಹಾಗಾದ್ರೆ ಕೆಲಸಕ್ಕೆ ಯಾಕೆ ಬಂದೆ?”

“ನೀವು ಬಿಡ್ಲಿಲ್ವಲ್ಲ, ಅದಕ್ಕೆ.”

ಒಂದು ದಿನದ ಸಂಬಳ ಹಿಡಿದರು. ಮರುದಿನವೂ ಬರೆದಳು. ನೋಟೀಸು ಕೊಟ್ಟರು, ತೆಗೆದುಕೊಂಡಳು, ಬರೆದಳು. ಕೊನೆಗೆ ಗುಮಾಸ್ತನಿಗೇ ಬೇಸರವಾಗಿ ಅವಳಿಗೆಂದು ಅಗಲವಾದ ಖಾನೆ ಗೆರೆ ಹೊಡೆದುಕೊಟ್ಟ. ಎರಡು ವರ್ಷ ಹೀಗೇ ನಡೆಯಿತು. ಮನೆಯಲ್ಲಿ ಮಗಳು ಕೇಳುತ್ತಿದ್ದಳು: “ಇದರಿಂದ ಏನು ಬದಲಾಗತ್ತಮ್ಮ?”

“ಅವರು ದಿನಾ ಓದ್ಬೇಕಲ್ಲ,” ಎನ್ನುತ್ತ ಅವಳು ಊದಿದ ಕಾಲುಗಳನ್ನು ಬಿಸಿನೀರಿನ ಬಕೆಟ್ಟಿಗೆ ಇಳಿಸುತ್ತಿದ್ದಳು.

*

ಹನ್ನೊಂದು ಗಂಟೆ. ಹಬೆಯಮ್ಮನನ್ನು ಪೆಟ್ಟಿಗೆಯೊಳಗೆ ಮಲಗಿಸಿಯಾಗಿತ್ತು. ಸೂಪರಿಂಟೆಂಡೆಂಟ್ ಪೆನ್ನಿನ ಮುಚ್ಚಳ ತೆಗೆದು ಹಿಡಿದ.

“ಓದಿ ಸಾರ್,” ಎಂದಳು ಮಗಳು.

“ಓದೋದೇನಮ್ಮ, ಮಾಮೂಲಿ ಒಕ್ಕಣೆ…”

“ಅಮ್ಮನ ಮುಂದೆ ನಿಂತು ಓದಿ. ಇವರೆಲ್ಲ ಕೇಳಲಿ.”

ಅವನು ಎದ್ದ. ಪೆಟ್ಟಿಗೆಯ ಕಡೆ ನೋಡದೆ ಓದತೊಡಗಿದ. “ಮೃತರಿಗೆ ಮೊದಲಿನಿಂದಲೂ ಹೃದಯದ ಕಾಯಿಲೆ ಇದ್ದು…”

“ಜೋರಾಗಿ ಸಾರ್, ಹಿಂದೆ ಕೇಳ್ತಿಲ್ಲ,” ಎಂದಳು ಗಿಡ್ಡಕ್ಕ.

“…ಇದ್ದು, ಅವರು ನಿರ್ವಹಿಸುತ್ತಿದ್ದ ಹಗುರ ಸ್ವರೂಪದ…”

ಅಲ್ಲಿಗೆ ನಿಂತ. ಎಂಟು ಜೊತೆ ಕಣ್ಣುಗಳು ಅವನ ಬಾಯನ್ನೇ ನೋಡುತ್ತಿದ್ದವು. ಮಾವ ಗೋಡೆ ಕಡೆ ತಿರುಗಿದ. ಸೂಪರಿಂಟೆಂಡೆಂಟ್ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು, ಮತ್ತೆ ಇಳಿಸಿದ.

“ಅಷ್ಟು ಹಗುರದ್ದನ್ನ ನಿಮಗೇ ಹೇಳೋಕಾಗ್ತಿಲ್ಲ. ನಾನು ಹೇಗೆ ಸಹಿ ಹಾಕ್ಲಿ?” ಎಂದಳು ಮಗಳು. “ಮೂವತ್ತು ದಿನ ಅಂದ್ರಲ್ಲ, ಇಪ್ಪತ್ತೊಂಬತ್ತಕ್ಕೇ ಬೀಗದ ಕೈ ತಂದುಕೊಡ್ತೀನಿ.”

ಅವನು ಕಾಗದ ಮಡಿಸಿ ಹೊರಟ. “ಹಟಮಾರಿತನ ಅನ್ನೋದು ಈ ಮನೇಲಿ ವಂಶಪಾರಂಪರ್ಯ,” ಎಂದು ಮೆಟ್ಟಿಲಿಳಿಯುತ್ತ ಗೊಣಗಿದ.

ಮೆಟ್ಟಿಲಲ್ಲಿ ಪೆಟ್ಟಿಗೆ ಇಳಿಯಲು ಕಾಲು ಗಂಟೆ ಹಿಡಿಯಿತು. ಮಗಳು ಮುಂದಿನ ಬಲಮೂಲೆ ಹಿಡಿದಳು. ಐದು ಜನ ಅವಳ ಜೊತೆ ಭುಜ ಕೊಟ್ಟರು. ಮೂವರು ಸುಸ್ತಾದವರ ಜಾಗಕ್ಕೆಂದು ಪಕ್ಕದಲ್ಲಿ ನಡೆದರು. ನಲವತ್ತು ಹೆಜ್ಜೆಗೊಮ್ಮೆ ಗಿಡ್ಡಕ್ಕ “ಬದ್ಲು!” ಎಂದು ಕೂಗುತ್ತಿದ್ದಳು. ಟ್ರಾಲಿ ಕೆಟ್ಟ ದಿನಗಳಲ್ಲಿ ಒದ್ದೆ ಮೂಟೆ ಹೊರುವಾಗ ಅವರು ಹೀಗೇ ಭುಜ ಬದಲಿಸುತ್ತಿದ್ದುದು.

ದೊಡ್ಡ ರಸ್ತೆ ಸಿಕ್ಕಿತು. ಸ್ಮಶಾನಕ್ಕೆ ಎಡಕ್ಕೆ ಹೋಗಬೇಕು. ಮಗಳು ಬಲಕ್ಕೆ ತಿರುಗಿದಳು.

“ಏ ಪುಟ್ಟಿ, ಆ ಕಡೆ ಅಲ್ಲ!” ಮಾವ ಓಡಿಬಂದ. “ಎಲ್ಲಿಗೇ?”

“ಸುತ್ತು ದಾರಿ ಮಾವ. ಅಮ್ಮಂಗೆ ಇವತ್ತೇನು ಅವಸರ ಇಲ್ಲ.”

ಮಾವ ಅಕ್ಕನ ಪೆಟ್ಟಿಗೆ ನೋಡಿದ, ಖಾಲಿ ಎಡರಸ್ತೆ ನೋಡಿದ. ಆಮೇಲೆ ಬಾಯಲ್ಲೇ ಏನೋ ಬೈದುಕೊಂಡು ಹಿಂದಿನ ಮೂಲೆಗೆ ಭುಜ ಕೊಟ್ಟ.

ವಿಚಾರಣೆ ಇದ್ದ ಸಭಾಂಗಣಕ್ಕೆ ಒಂದೇ ಬಾಗಿಲು, ಮೂರು ಮೆಟ್ಟಿಲು. ಮೂರನ್ನೂ ಹತ್ತುತ್ತಲೇ ಗಿಡ್ಡಕ್ಕ, “ಇಳಿಸಿ!” ಎಂದಳು. ಪೆಟ್ಟಿಗೆ ಬಾಗಿಲಿಗೆ ಅಡ್ಡಲಾಗಿ, ಇತ್ತಿಂದತ್ತ ಒಂದು ಕಾಲಿಡಲೂ ಜಾಗವಿಲ್ಲದಂತೆ ಕೂತಿತು. ಕಾವಲುಗಾರ ಓಡಿಬಂದ.

“ಇಲ್ಲಿ ಇಡೋ ಹಾಗಿಲ್ಲಮ್ಮ!”

“ಭುಜ ಬದಲಿಸ್ತಿದೀವಪ್ಪ. ಭಾರ.”

“ಎಷ್ಟೊತ್ತು?”

“ಭಾರ ಇಳಿಯೋವರೆಗೂ.”

ಹನ್ನೆರಡಕ್ಕೆ ಐದು ನಿಮಿಷವಿರುವಾಗ, ಅಂದು ‘ಭೇಷ್’ ಎಂದಿದ್ದ ಸಮಿತಿಯ ಅಧ್ಯಕ್ಷನ ಕಾರು ಬಂತು. ಅವನ ಹಿಂದೆಯೇ ಸೂಪರಿಂಟೆಂಡೆಂಟ್. ಅಧ್ಯಕ್ಷ ಮೆಟ್ಟಿಲೇರಿ ಪೆಟ್ಟಿಗೆ ನೋಡಿದ, ಹೆಂಗಸರನ್ನು ನೋಡಿದ, ಗಡಿಯಾರ ನೋಡಿದ.

“ದಯವಿಟ್ಟು ಸ್ವಲ್ಪ ಸರಿಸಿ. ಒಳಗೆ ಜನ ಕಾಯ್ತಿದಾರೆ.”

“ನಮ್ಮ ಕೈ ಸೋತಿದೆ ಸಾರ್,” ಎಂದಳು ಮಗಳು. “ನೀವೇ ಒಂದು ಕಡೆ ಹಿಡೀರಿ.”

ರಸ್ತೆಯಲ್ಲಿ ಜನ ನಿಂತು ನೋಡುತ್ತಿದ್ದರು. ಅಧ್ಯಕ್ಷ ಕಡತವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಗ್ಗಿದ. ಹಿಡಿಕೆಗೆ ಎರಡೂ ಕೈ ಹಾಕಿ ಎಳೆದ. ಪೆಟ್ಟಿಗೆ ಅಲುಗಲಿಲ್ಲ. ಇನ್ನೊಮ್ಮೆ ಎಳೆದ, ಕಂಕುಳಿಂದ ಕಡತ ಜಾರಿ ಹಾಳೆಗಳು ಮೆಟ್ಟಿಲ ಮೇಲೆ ಹರಡಿದವು. ಅವನ ಕುತ್ತಿಗೆಯ ನರ ಉಬ್ಬಿತು. ಹಿಡಿಕೆ ಬಿಟ್ಟು ಏಳುವಂತೆಯೂ ಇಲ್ಲ, ಎತ್ತುವಂತೆಯೂ ಇಲ್ಲ. ಹೆಂಗಸರು ಭುಜ ತಿಕ್ಕಿಕೊಳ್ಳುತ್ತ, ಅವನು ಬಗ್ಗಿದ್ದನ್ನು ನೋಡುತ್ತ, ಅವಸರವಿಲ್ಲದೆ ನಿಂತರು.