ಒಂದೇ ವಿಡಿಯೋಗೆ ಎರಡು ಅರ್ಜಿ

ಹಳಬನ ಹೊಟ್ಟೆ ಉರಿಯಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಪಕ್ಕದ ಕುರ್ಚಿಯ ಹುಡುಗನಿಗೆ, ಠಾಣೆಯವರೆಲ್ಲ 'ಡಿಗ್ರಿ' ಎಂದು ಕರೆಯುವವನಿಗೆ, ಕಂಪನಿಯಿಂದ ಉತ್ತರ ಬಂದರೆ ಸಾಕಿತ್ತು.

ಠಾಣೆಯ ಹಿಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರು, ಇಬ್ಬರು ಪೇದೆಗಳು. ಜನರ ಮಾನ ಕಳೆಯುವ ವಿಡಿಯೋಗಳನ್ನು ತೆಗೆದುಹಾಕಿ ಎಂದು ಜಾಲತಾಣದ ಕಂಪನಿಗೆ ಅರ್ಜಿ ಹಾಕುವುದು ಅವರ ಕೆಲಸ. ಹಳಬ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಆರು ವರ್ಷದಿಂದ ಆ ಕುರ್ಚಿ ಸವೆಸಿದ್ದ. ಅವನಿಗೆ ಮೂರು ದಿನ ಬಿಟ್ಟು, "ನಮ್ಮ ನಿಯಮಕ್ಕೆ ವಿರುದ್ಧವಾದದ್ದೇನೂ ಕಾಣುತ್ತಿಲ್ಲ" ಎಂಬ ಒಣ ಉತ್ತರ ಬರುತ್ತಿತ್ತು. ಮೊನ್ನೆ ಮೊನ್ನೆ ಬಂದ ಡಿಗ್ರಿ ನಾಲ್ಕು ಸಾಲು ಗೀಚಿದರೆ ಗಂಟೆಯೊಳಗೆ ವಿಡಿಯೋ ಮಾಯ. "ಯಾವ ನಿಯಮ ಅಂತ ನಂಬರ್ ಹಾಕಿ ಬರೀಬೇಕಣ್ಣ" ಎಂದು ಹೇಳಿಕೊಟ್ಟಿದ್ದ ಬೇರೆ. ಹೇಳಿಕೊಟ್ಟದ್ದಕ್ಕೇ ಇವನಿಗೆ ಮೈಯೆಲ್ಲ ಉರಿ.

ಅಂದು ಬೆಳಿಗ್ಗೆ ಟೈಲರಮ್ಮ ಓಡಿಬಂದಳು. ದಾರಿ ತಪ್ಪಿದ ಮಗುವನ್ನು ಅವಳು ಕೈಹಿಡಿದು ತಾಯಿಯ ಹತ್ತಿರ ಬಿಡಲು ಹೋದದ್ದನ್ನು ಯಾರೋ ವಿಡಿಯೋ ಮಾಡಿ, 'ಮಕ್ಕಳ ಕಳ್ಳಿ' ಎಂದು ಜಾಲತಾಣಕ್ಕೆ ಹಾಕಿದ್ದರು. ಅವಳ ಅಂಗಡಿಯ ಮುಂದೆ ಜನ ಸೇರಿದ್ದರು, ಒಳಗೆ ಮಗಳೊಬ್ಬಳೇ.

ಇನ್‌ಸ್ಪೆಕ್ಟರು ಇಬ್ಬರು ಪೊಲೀಸರನ್ನು ಅಲ್ಲಿಗೆ ಓಡಿಸಿ, ಅರ್ಜಿ ಹಾಕಲು ಡಿಗ್ರಿಗೆ ಹೇಳಿದರು.

"ನಾನು ಹಾಕ್ತೀನಿ ಸಾರ್" ಎಂದ ಹಳಬ.

"ನೀನು ಹಾಕಿದ್ರೆ ಆ ಮಗು ಬೆಳೆದು ಮದುವೆ ಆದ್ಮೇಲೆ ಉತ್ತರ ಬರುತ್ತೆ ಕಣೋ."

ಕೋಣೆಯೆಲ್ಲ ನಕ್ಕಿತು. ಹಳಬ ಡಿಗ್ರಿಯ ಪರದೆಯನ್ನು ಓರೆಗಣ್ಣಲ್ಲಿ ನೋಡಿ, ನಂಬರ್ ಸಮೇತ ನಕಲು ಹೊಡೆದು, ತನ್ನ ಹೆಸರಿನಲ್ಲೂ ಒಂದು ಅರ್ಜಿ ಕಳಿಸಿದ.

ಒಂದೇ ಠಾಣೆಯಿಂದ ಒಂದೇ ವಿಡಿಯೋಗೆ ಎರಡು ಅರ್ಜಿ ಬಂದರೆ, ಒಂದನ್ನು ಹಿಂದಕ್ಕೆ ಪಡೆಯುವ ತನಕ ಕಂಪನಿ ಎರಡನ್ನೂ ತಡೆದಿಡುತ್ತದೆ. ಹಳಬನಿಗೆ ಗೊತ್ತಿಲ್ಲದ್ದಲ್ಲ. ಹೊಟ್ಟೆಕಿಚ್ಚಿನಲ್ಲಿ ಮರೆತಿದ್ದ.

"ಯಾಕೋ ಉತ್ತರಾನೇ ಇಲ್ವಲ್ಲಣ್ಣ" ಎಂದ ಡಿಗ್ರಿ.

"ಅಷ್ಟು ದೊಡ್ಡ ಬರಹಗಾರ ನೀನು, ನಿನಗೂ ಹೀಗಾ?"

ಆ ಮಾತು ನಾಲಿಗೆಗೆ ಸಿಹಿಯಾಗಿತ್ತು. ಅಷ್ಟರಲ್ಲಿ ಟೈಲರಮ್ಮನ ಫೋನು ಬಡಿದುಕೊಂಡಿತು. "ಅಮ್ಮ, ಬಾಗಿಲಿಗೆ ಕಲ್ಲು ಹೊಡೀತಿದಾರೆ." ಆ ಸಣ್ಣ ದನಿ ಬೆಂಚಿನಿಂದ ಹಳಬನವರೆಗೂ ಕೇಳಿಸಿತು. ಎರಡನೆಯದಾಗಿ ಹಾಕಿದ ಅವನ ಪರದೆಯ ಮೇಲೆ ಮಾತ್ರ 'ತಡೆಹಿಡಿಯಲಾಗಿದೆ' ಎಂದಿತ್ತು. ತನ್ನದನ್ನು ತೆಗೆದರೆ ಹೆಸರು ಡಿಗ್ರಿಗೆ. ಡಿಗ್ರಿಯೇ ಅವನದನ್ನು ತೆಗೆಯಲಿ ಎಂದರೆ ತಾನು ಮಾಡಿದ್ದನ್ನು ಬಾಯಿಬಿಡಬೇಕು. ಕೊನೆಗೆ ಹಲ್ಲು ಕಚ್ಚಿ ತನ್ನ ಅರ್ಜಿಯನ್ನು ಹಿಂದಕ್ಕೆ ಪಡೆದ.

ಹತ್ತು ನಿಮಿಷಕ್ಕೆ ವಿಡಿಯೋ ಹೋಯಿತು. 'ಸುಳ್ಳು ಸುದ್ದಿ, ತೆಗೆಯಲಾಗಿದೆ' ಎಂಬುದನ್ನು ಅಲ್ಲಿದ್ದ ಪೊಲೀಸರು ತೋರಿಸಿದ ಮೇಲೆ ಜನ ಕರಗಿದರು. ಟೈಲರಮ್ಮ ಡಿಗ್ರಿಗೆ ಕೈಮುಗಿದಳು. "ನನ್ನ ಮಗಳನ್ನ ಉಳಿಸಿದೆಯಪ್ಪ."

"ಇವತ್ತು ಯಾಕೋ ಇಷ್ಟು ತಡ?" ಎಂದರು ಇನ್‌ಸ್ಪೆಕ್ಟರು.

ಕಂಪನಿಯ ಉತ್ತರದ ಕೊನೆಯ ಸಾಲಿನಲ್ಲಿ ಎರಡನೇ ಅರ್ಜಿ ಹಾಕಿದವನ ಹೆಸರಿತ್ತು. ಡಿಗ್ರಿ ಅದನ್ನು ಓದಿದ, ಹಳಬನ ಕಡೆ ಒಮ್ಮೆ ನೋಡಿದ, ಪರದೆಯ ಮೇಲಿದ್ದ ಆ ಉತ್ತರವನ್ನು ಮುಚ್ಚಿದ.

"ಕಂಪನಿ ಕಡೆ ಏನೋ ತೊಡಕು ಸಾರ್."

ಹಳಬನಿಗೆ ಕಪಾಳಕ್ಕೆ ಬಿಗಿದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಬರೆಯುವುದರಲ್ಲಿ ಇವನೇ ಮುಂದೆ, ಈಗ ದೊಡ್ಡ ಮನಸ್ಸಿನಲ್ಲೂ ಇವನೇ ಮುಂದೆಯಾ? ಅದೊಂದನ್ನು ಮಾತ್ರ ಬಿಟ್ಟುಕೊಡಲು ಅವನು ತಯಾರಿರಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತ.

"ಸುಳ್ಳು ಹೇಳ್ತಿದಾನೆ ಸಾರ್. ತಡ ಆಗಿದ್ದು ನನ್ನಿಂದ."