ಕುರ್ಚಿಯ ಎತ್ತರ

"ಧನ್ಯವಾದ ಸಾರ್" ಎಂದು ಹೇಳಿ, ಮ್ಯಾನೇಜರರ ಕೋಣೆಯ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಮೆಟ್ಟಿಲಿನ ತನಕ ನಡೆದು ಬಂದ ಮೇಲೆ ತಾನು ಹೇಳಿದ್ದೇನೆಂದು ಅವನಿಗೆ ಹೊಳೆಯಿತು.

ಯೋಚಿಸಿ ಹೇಳುತ್ತೇನೆ ಎನ್ನಬೇಕೆಂದಿದ್ದ. ನಾಲಿಗೆ ಕೇಳಲಿಲ್ಲ. ಈ ಮೂರು ತಿಂಗಳಲ್ಲಿ ಅದಕ್ಕೆ ಒಂದೇ ಮಾತು ರೂಢಿಯಾಗಿಬಿಟ್ಟಿತ್ತು.

ಮ್ಯಾನೇಜರರ ಮಾತೇನೋ ನೇರವಾಗಿಯೇ ಇತ್ತು. "ಮುಂದಿನ ತಿಂಗಳಿಂದ ಬಣ್ಣ ನೋಡೋಕೆ ಒಬ್ಬರೇ ಸಾಕು ಅಂತ ಮೇಲಿನವರು ಹೇಳಿದಾರೆ. ವಾರ ಪೂರ್ತಿ ಕೆಲಸ, ಪೂರ್ತಿ ಸಂಬಳ. ನೀವು ತಕರಾರಿನ ಮನುಷ್ಯ ಅಲ್ಲ. ನಿಮ್ಮನ್ನೇ ಇಟ್ಕೊಳ್ಳೋಣ ಅಂತ. ಏನಂತೀರಿ?"

ಅವನು ಧನ್ಯವಾದ ಅಂದ. ಮ್ಯಾನೇಜರರು ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಪೆನ್ಸಿಲಿನಿಂದ ಒಂದು ಗುರುತು ಹಾಕಿದರು. ಪಟ್ಟಿ ನಾಲ್ಕು ಗಂಟೆಗೆ ಮೇಲಕ್ಕೆ ಹೋಗುತ್ತದೆ ಎಂದೂ ಹೇಳಿದರು.

ಪೆನ್ಸಿಲು, ಪೆನ್ನಲ್ಲ. ಮೆಟ್ಟಿಲ ಮೇಲೆ ನಿಂತು ಅವನು ಅಷ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಗಡಿಯಾರದಲ್ಲಿ ಆಗಿನ್ನೂ ಹತ್ತೂಕಾಲು.

ಬಣ್ಣದ ಕಾರ್ಖಾನೆಯಲ್ಲಿ ಅವನ ಕೆಲಸ ಬಣ್ಣ ನೋಡುವುದು. ತಯಾರಾದ ಪ್ರತಿ ಬ್ಯಾಚಿನಿಂದ ಒಂದಿಷ್ಟನ್ನು ಚೀಟಿಗೆ ಬಳಿದು ಒಣಗಿಸಿ ಕಳಿಸುತ್ತಾರೆ. ಆ ಚೀಟಿಯನ್ನು ಮೂಲ ಚೀಟಿಯ ಪಕ್ಕದಲ್ಲಿಟ್ಟು, ಎರಡೂ ಒಂದೇ ಬಣ್ಣವೋ ಅಲ್ಲವೋ ಎಂದು ಹೇಳಬೇಕು. ಇದಕ್ಕಾಗಿ ಗೋಡೆಗೆ ಒಂದು ಬೆಳಕಿನ ಪೆಟ್ಟಿಗೆ ಕೂರಿಸಿದ್ದಾರೆ. ಅದರ ಬಾಯಿಯ ಎರಡೂ ಬದಿಗೆ ಕೆಂಪು ಗೆರೆ ಎಳೆದಿದೆ. ನೋಡುವವನ ಕಣ್ಣು ಸರಿಯಾಗಿ ಆ ಗೆರೆಯ ಮಟ್ಟಕ್ಕಿರಬೇಕು. ಒಂದು ಗೇಣು ಮೇಲಾದರೆ ಬಣ್ಣ ತಿಳಿಯಾಗಿ ಕಾಣುತ್ತದೆ, ಒಂದು ಗೇಣು ಕೆಳಗಾದರೆ ಮಂಕು.

ಹಾಗಾಗಿ ಆ ಕೋಣೆಯಲ್ಲಿ ಕುರ್ಚಿಯ ಎತ್ತರ ಎಂದರೆ ಹುಡುಗಾಟದ ವಿಷಯವಲ್ಲ. ಅವನು ಕುಳ್ಳ. ಕುರ್ಚಿಯನ್ನು ಅದು ಏರುವಷ್ಟೂ ಏರಿಸಿ ಕೂತರೆ ಮಾತ್ರ ಅವನ ಕಣ್ಣು ಗೆರೆಗೆ ಮುಟ್ಟುತ್ತದೆ. ಅದೇ ಕೆಲಸದ ಇನ್ನೊಬ್ಬ ಆಳೆತ್ತರಕ್ಕಿಂತ ಉದ್ದ. ಅವನಿಗೆ ಕುರ್ಚಿ ಪೂರ್ತಿ ಇಳಿದಿರಬೇಕು. ಉಗ್ರಾಣದವನು ಇಬ್ಬರಿಗೂ ಏಣಿ, ಮಣೆ ಎಂದು ಹೆಸರಿಟ್ಟಿದ್ದ. ಹೆಸರಿಟ್ಟವನು ಕೆಲಸ ಕಳೆದುಕೊಂಡು ಹೋದ, ಹೆಸರುಗಳು ಉಳಿದವು.

ಜನ ಮನೆಗೆ ಬಣ್ಣ ಹೊಡೆಸುವುದನ್ನು ನಿಲ್ಲಿಸಿ ಒಂದು ವರ್ಷವಾಗುತ್ತ ಬಂದಿತ್ತು. ಮೊದಲು ಅರವತ್ತೆರಡು ಬಣ್ಣ ತಯಾರಾಗುತ್ತಿದ್ದ ಕಡೆ ಈಗ ನಾಲ್ಕು ಬಗೆಯ ಬಿಳಿ ಮಾತ್ರ ಉಳಿದಿತ್ತು. ಬಾಡಿಗೆದಾರರು ಮನೆ ಬಿಟ್ಟು ಹೋದಾಗ ಮಾಲೀಕರು ಗೋಡೆಗೆ ಬಿಳಿ ಹೊಡೆಸುತ್ತಾರೆ. ಅಂಗಡಿ ಮುಚ್ಚಿದಾಗ ಗಾಜಿಗೆ ಒಳಗಿನಿಂದ ಬಿಳಿ ಬಳಿಯುತ್ತಾರೆ. ಕಾರ್ಖಾನೆ ಈಗ ನಡೆಯುತ್ತಿದ್ದುದು ಹಾಗೆ ಹೊರಟು ಹೋಗುವವರ ದಯೆಯಿಂದ. ಬಸ್ಸಿನಲ್ಲಿ ಬರುವಾಗ ಬಿಳಿ ಬಳಿದ ಗಾಜು ಕಂಡರೆ ಅವನು ಒಳಗೊಳಗೇ ಅವರಿಗೂ ಒಂದು ಧನ್ಯವಾದ ಹೇಳುತ್ತಿದ್ದ. ಆಮೇಲೆ ನಾಚಿಕೆಯಾಗುತ್ತಿತ್ತು. ಓದುವ ಕಾಲದಲ್ಲಿ ನೀಲಿ ಬಣ್ಣದ ರಸಾಯನಶಾಸ್ತ್ರದ ಮೇಲೆ ನೂರಿಪ್ಪತ್ತು ಪುಟದ ಪ್ರಬಂಧ ಬರೆದಿದ್ದವನು ಈಗ ದಿನವಿಡೀ ಬಿಳಿಯ ಪಕ್ಕ ಬಿಳಿ ಇಟ್ಟು ನೋಡುತ್ತಿದ್ದ.

ಮೂರು ತಿಂಗಳ ಹಿಂದೆ ಇದೇ ಮ್ಯಾನೇಜರರು ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು, ಒಬ್ಬರು ಹೋಗಬೇಕಾಗುತ್ತದೆ ಎಂದಿದ್ದರು. ಆ ಒಬ್ಬ ಯಾರೆಂದು ಮೂವರಿಗೂ ಗೊತ್ತಿತ್ತು. ಏಣಿ ನಾಲ್ಕು ವರ್ಷ ಹಿರಿಯ, ಅವನ ಕಣ್ಣೂ ಚುರುಕು. ಹೊರಗಿನ ದಾರಿ ಕಾಣಬೇಕಾದದ್ದು ಮಣೆಯೇ. ಅವನು ನೆಲ ನೋಡುತ್ತ ನಿಂತಿದ್ದ. ತಲೆಯ ಮೇಲೆಲ್ಲೋ ಏಣಿಯ ದನಿ ಕೇಳಿಸಿತು.

"ಇಬ್ಬರಿಗೂ ಹಂಚಿಬಿಡಿ ಸಾರ್. ಒಂದು ದಿನ ನಾನು, ಒಂದು ದಿನ ಇವನು. ಸಂಬಳಾನೂ ಅರ್ಧರ್ಧ."

ಅದನ್ನು ಹೇಳಿ ಏಣಿ ತನ್ನ ಮೂಗು ಕೆರೆದುಕೊಂಡನಷ್ಟೆ. ಬಸ್ಸಿನಲ್ಲಿ ಸರಿದು ಕೂತು ಜಾಗ ಕೊಡುವವರು ಕೂಡ ಅದಕ್ಕಿಂತ ಹೆಚ್ಚು ಸದ್ದು ಮಾಡುತ್ತಾರೆ. ಆ ಉಪಕಾರ ಮಣೆಯ ಮೈಯಲ್ಲೇ ಉಳಿದುಹೋಯಿತು. ಬೆಳಿಗ್ಗೆ ಹಾಲು ಕಾಯುವಾಗ, ಮಗಳ ಶಾಲೆಯ ಗೇಟಿನಲ್ಲಿ, ಬಾಡಿಗೆ ಕೊಡುವ ದಿನ, ಅದು ಅವನಿಗೆ ನೆನಪಾಗುತ್ತಿತ್ತು. ಅವನು ನಿಜವಾಗಿಯೂ ಕೃತಜ್ಞನಾಗಿದ್ದ. ಬದುಕಿನಲ್ಲಿ ಅಷ್ಟು ನಿಚ್ಚಳವಾಗಿ ಅವನಿಗೆ ಇನ್ನಾವುದೂ ಅನ್ನಿಸಿರಲಿಲ್ಲ.

ಅಂದಿನಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಇವನು ಬಂದ ದಿನ ಅವನಿಲ್ಲ, ಅವನು ಬಂದ ದಿನ ಇವನಿಲ್ಲ. ಉಳಿದದ್ದು ಒಬ್ಬರಿಗೊಬ್ಬರು ಬರೆದಿಡುವ, ಮೇಜಿನ ಮೇಲಿನ ಒಂದು ಕೆಂಪು ರಟ್ಟಿನ ಪುಸ್ತಕ, ಮತ್ತೆ ಆ ಕುರ್ಚಿ. ಸಂಜೆ ಹೊರಡುವ ಮುಂಚೆ ಅವನು ಕುರ್ಚಿಯಲ್ಲಿ ಕೂತು, ಹಿಡಿ ಎಳೆದು, ಅದನ್ನು ಕೊನೆಯ ತನಕ ಇಳಿಸಿ ಏಣಿಯ ಅಳತೆಗೆ ತಂದಿಡುತ್ತಿದ್ದ. ಒಂದು ದಿನ ಬಿಟ್ಟು ಬಂದು ನೋಡಿದರೆ ಕುರ್ಚಿ ಪೂರ್ತಿ ಏರಿ ತನ್ನ ಅಳತೆಗೆ ನಿಂತಿರುತ್ತಿತ್ತು. ಒಂದು ದಿನವೂ ತಪ್ಪಿರಲಿಲ್ಲ. ಬೆಳಿಗ್ಗೆ ಆ ಏರಿದ ಕುರ್ಚಿ ಕಂಡರೆ ಅವನ ಎದೆ ತುಂಬಿ ಬರುತ್ತಿತ್ತು. ಒಮ್ಮೆ ಏಣಿ ಪುಸ್ತಕದಲ್ಲಿ, ಕುರ್ಚಿಯ ಚಿಂತೆ ಬಿಡು, ನಾನು ಬಂದು ಸರಿ ಮಾಡಿಕೊಳ್ಳುತ್ತೇನೆ ಎಂದು ಬರೆದಿದ್ದ. ಎಂಥ ದೊಡ್ಡ ಮನಸ್ಸು ಎಂದುಕೊಂಡು ಅವತ್ತು ಸಂಜೆ ಇನ್ನಷ್ಟು ಜೋಪಾನವಾಗಿ ಇಳಿಸಿದ್ದ.

ಇವತ್ತೂ ಕುರ್ಚಿ ಏರಿಯೇ ಇತ್ತು. ಅವನು ಹತ್ತಿ ಕೂತು ಪುಸ್ತಕ ತೆರೆದ. ಏಣಿಯ ಉದ್ದುದ್ದ ಅಕ್ಷರ. ಮೂರನೇ ಬ್ಯಾಚು ಒಂದು ಚೂರು ಹಳದಿಗೆ ತಿರುಗಿದ ಹಾಗಿದೆ, ನಿನ್ನ ಕಣ್ಣಿಗೆ ಹೇಗೆ ಕಾಣುತ್ತೋ ನೋಡು. ಅದರ ಕೆಳಗೆ, ಮಗಳ ಜ್ವರ ಇಳಿಯಿತಾ?

ಮಗಳ ಜ್ವರ ಇಳಿದಿತ್ತು. ಅವನು ಪುಸ್ತಕ ಮುಚ್ಚಿದ.

ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಹೆಂಡತಿಗೆ ಫೋನು ಮಾಡಿದ. ಅವಳು ಒಂದು ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಅಲ್ಲಿಯ ಯಂತ್ರದ ಗದ್ದಲದಲ್ಲಿ ಅವಳು ಎರಡು ಸಲ ಏನು ಎಂದಳು.

"ಮುಂದಿನ ತಿಂಗಳಿಂದ ಪೂರ್ತಿ ವಾರ ಅಂತೆ."

ಆ ಕಡೆ ಅವಳು ಯಂತ್ರದಿಂದ ದೂರ ನಡೆದು ಹೋದದ್ದು ಗೊತ್ತಾಯಿತು. "ನಿಜಾನಾ? ಪೂರ್ತಿ ಸಂಬಳ?"

"ಹೂಂ."

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಕ್ಕಿಲ್ಲ. ಆಮೇಲೆ ಕೇಳಿದಳು, "ಅವರಿಗೆ?"

"ನೋಡ್ಬೇಕು."

"ನೋಡೋದು ಅಂದ್ರೆ?"

"ಸಂಜೆ ಮಾತಾಡೋಣ."

ಕಡೆಗೆ ಅವಳು, "ಬರ್ತಾ ಏನೂ ತರೋಕೆ ಹೋಗ್ಬೇಡಿ, ಎಲ್ಲಾ ಇದೆ" ಎಂದಳು. ಮೂರು ತಿಂಗಳಿಂದ ದಿನವೂ ಆಡುತ್ತಿದ್ದ ಮಾತು ಅದು. ಎಲ್ಲಾ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳ ಎಡಗೈ ಮೇಲೆ ಇಸ್ತ್ರಿ ತಾಗಿ ಉದ್ದಕ್ಕೆ ಸುಟ್ಟ ಕಲೆಯೊಂದು ಇತ್ತು. ಅದನ್ನವಳು ಬಟ್ಟೆಯ ತೋಳು ಇಳಿಬಿಟ್ಟು ಮುಚ್ಚಿಕೊಳ್ಳುತ್ತಿದ್ದಳು. ಇನ್ನು ಅವಳು ಅಲ್ಲಿಗೆ ಹೋಗಬೇಕಾಗಿಲ್ಲ ಎಂದು ಅವನಿಗೆ ಹೊಳೆದದ್ದು ಫೋನಿಟ್ಟ ಮೇಲೆ. ಹೊಳೆದ ಕೂಡಲೇ ಎಷ್ಟು ಹಗುರಾಯಿತೆಂದರೆ, ಬುತ್ತಿಯಲ್ಲಿದ್ದದ್ದನ್ನು ಅವನು ರುಚಿಯಿಂದ ಉಂಡ. ಉಂಡು ಮುಗಿಸಿದ ಮೇಲೆ, ಇಷ್ಟು ರುಚಿಯಾಗಿ ಉಂಡೆನಲ್ಲ ಎಂದು ಬೇಸರವಾಯಿತು.

ಏಣಿಗೂ ಹೆಂಡತಿ ಇದ್ದಳು. ಇಬ್ಬರು ಮಕ್ಕಳು. ಜೊತೆಗೆ ಅವನ ಅತ್ತೆ. ಅವನು ಅವರನ್ನೆಲ್ಲ ಲೆಕ್ಕ ಹಾಕಲು ಹೋಗಿ ಅರ್ಧಕ್ಕೆ ನಿಲ್ಲಿಸಿದ.

ಮೂರೂವರೆಗೆ ಮೂರನೇ ಬ್ಯಾಚಿನ ಚೀಟಿಯನ್ನು ಬೆಳಕಿನ ಪೆಟ್ಟಿಗೆಗೆ ಇಟ್ಟ. ಕಣ್ಣು ಗೆರೆಯ ಮಟ್ಟಕ್ಕೆ ಬಂತು. ಎಡಕ್ಕೆ ಮೂಲ ಬಿಳಿ, ಬಲಕ್ಕೆ ಹೊಸ ಬಿಳಿ. ಮೊದಲ ನೋಟಕ್ಕೆ ಹಳದಿ ಇದ್ದ ಹಾಗೆ ಕಂಡಿತು. ಎರಡನೇ ನೋಟಕ್ಕೆ ಇರಲಿಲ್ಲ. ಮೂರನೇ ಸಲ ಎಡದ್ದೇ ಹಳದಿ ಅನ್ನಿಸಿತು. ಹದಿನಾಲ್ಕು ವರ್ಷ ಬಣ್ಣ ನೋಡಿದ ಕಣ್ಣು ಇವತ್ತು ಕೈ ಕೊಟ್ಟಿತ್ತು.

ಅವನು ಎದ್ದ. ಹೋಗಿ ಹೇಳಿಬಿಡುವುದು ಎಂದು ತೀರ್ಮಾನಿಸಿದ. ಮಾತು ಸಿದ್ಧವಾಗಿತ್ತು: ಸಾರ್, ಇಬ್ಬರನ್ನೂ ಹೀಗೇ ಇರಗೊಡಿ, ಇಲ್ಲವಾದರೆ ಅವನನ್ನು ಇಟ್ಟುಕೊಳ್ಳಿ. ಮೆಟ್ಟಿಲು ಹತ್ತುವಾಗ ಅದನ್ನು ಎರಡು ಸಲ ಬಾಯಿಪಾಠ ಮಾಡಿಕೊಂಡ. ಎರಡನೇ ಸಲ ಹೇಳಿಕೊಳ್ಳುವಾಗ ಕೊನೆಯ ಅರ್ಧ ಬಿಟ್ಟುಹೋಯಿತು.

ಮ್ಯಾನೇಜರರು ಫೋನಿನಲ್ಲಿದ್ದರು. ಕೈಸನ್ನೆಯಿಂದಲೇ ಒಳಗೆ ಕರೆದರು. ಮೇಜಿನ ಮೇಲೆ ಪಟ್ಟಿ ತೆರೆದಿತ್ತು. ಪೆನ್ಸಿಲಿನ ಗುರುತು ಹಾಗೆಯೇ ಇತ್ತು. ಅದರ ಪಕ್ಕ ಪೆನ್ನು ಮುಚ್ಚಳ ತೆಗೆದು ಮಲಗಿತ್ತು.

ಫೋನಿಗೆ ಅಂಗೈ ಅಡ್ಡ ಹಿಡಿದು ಅವರು ಕೇಳಿದರು, "ಏನು?"

"ಏನಿಲ್ಲ ಸಾರ್." ಅವನು ಪಟ್ಟಿಯನ್ನು ನೋಡಿದ. "ಮೂರನೇ ಬ್ಯಾಚು ಸರಿಯಾಗಿದೆ."

"ಇಷ್ಟು ಹೇಳೋಕೆ ಮೆಟ್ಟಿಲು ಹತ್ತಿ ಬಂದ್ರಾ?" ಮ್ಯಾನೇಜರರು ನಕ್ಕರು. ಒಳ್ಳೆಯ ನಗೆ ಅದು, ಅದರಲ್ಲಿ ಕೆಡುಕೇನೂ ಇರಲಿಲ್ಲ. "ಒಳ್ಳೇದಾಯ್ತು, ಕಳಿಸಿಬಿಡಿ."

"ಧನ್ಯವಾದ ಸಾರ್."

ಕೆಳಗೆ ಬಂದು ಮೂರನೇ ಬ್ಯಾಚಿಗೆ ಸಹಿ ಹಾಕಿದ. ಎಲ್ಲೋ ಖಾಲಿಯಾದ ಮನೆಯೊಂದರ ಗೋಡೆ ಒಂದು ಚೂರು ಹಳದಿಯಾಗಬಹುದು. ನೋಡಲು ಅಲ್ಲಿ ಯಾರೂ ಇರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡ. ನಾಲ್ಕು ಹೊಡೆಯಿತು.

ಐದಕ್ಕೆ ಉಳಿದವರೆಲ್ಲ ಹೊರಟರು. ಉಳಿದವರು ಎಂದರೆ ಹನ್ನೊಂದು ಜನ. ಅವನು ಕೆಂಪು ರಟ್ಟಿನ ಪುಸ್ತಕ ಮುಂದಿಟ್ಟುಕೊಂಡು ಕೂತ. ನಾಳೆ ಬೆಳಿಗ್ಗೆ ಏಣಿ ಬಂದು ಮೊದಲು ತೆರೆಯುವುದು ಇದನ್ನೇ. ಮ್ಯಾನೇಜರರು ಕರೆಸುವ ಮೊದಲೇ ಅವನಿಗೆ ತನ್ನಿಂದ ತಿಳಿಯಬೇಕು. ಅದೊಂದನ್ನಾದರೂ ಮಾಡಬೇಕು.

ಜ್ವರ ಇಳಿದಿದೆ ಎಂದು ಬರೆದ. ಮುಂದಕ್ಕೆ ಪೆನ್ನು ಹೋಗಲಿಲ್ಲ. ನನ್ನನ್ನು ಕ್ಷಮಿಸು ಎಂದು ಬರೆದರೆ ತಪ್ಪು ಒಪ್ಪಿಕೊಂಡ ಹಾಗೆ. ನನಗೂ ಗೊತ್ತಿರಲಿಲ್ಲ ಎಂದರೆ ಸುಳ್ಳು. ಅರ್ಧ ಗಂಟೆ ಕೂತ ಮೇಲೆ ಬರೆದ ಎರಡನೇ ಸಾಲು ಇಷ್ಟೇ: ನೀನು ಮಾಡಿದ್ದಕ್ಕೆಲ್ಲ ತುಂಬ ಧನ್ಯವಾದ. ಓದಿ ನೋಡಿದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು.

ಪುಸ್ತಕ ಮುಚ್ಚಿ, ಕುರ್ಚಿಯ ಹಿಡಿ ಎಳೆದು, ನಿಧಾನಕ್ಕೆ ಇಳಿದ. ಎಂದಿಗಿಂತ ನಿಧಾನ. ಕೊನೆಗೆ ಮುಟ್ಟಿತೆಂದು ಖಾತ್ರಿಯಾದ ಮೇಲೆ ಎದ್ದು, ಕೂರುವ ಕಡೆಯ ಧೂಳನ್ನು ಕರವಸ್ತ್ರದಿಂದ ಒರೆಸಿದ. ಕುರ್ಚಿಯ ಮುಖವನ್ನು ಪೆಟ್ಟಿಗೆಯ ಕಡೆ ತಿರುಗಿಸಿದ. ನಾಳೆ ಬೆಳಿಗ್ಗೆ ಏಣಿ ಇದರಲ್ಲಿ ಕೂತಾಗ ಅವನ ಕಣ್ಣು ಸರಿಯಾಗಿ ಗೆರೆಯ ಮೇಲೆ ಬರುತ್ತದೆ. ಅವನಿಗೆ ಅರ್ಥವಾಗುತ್ತದೆ. ಅರ್ಥವಾಗಲೇಬೇಕು.

ಬಕೆಟ್ಟು ತಾಗಿ ಬಾಗಿಲು ತೆರೆಯಿತು. ನೆಲ ಒರೆಸುವ ಅಕ್ಕ. ಮೊದಲು ನಾಲ್ವರಿದ್ದರು, ಈಗ ಮೂರು ಮಹಡಿಗೂ ಇವಳೊಬ್ಬಳೇ.

"ಇನ್ನೂ ಹೋಗಿಲ್ವಾ ಸಾರ್?"

"ಹೊರಟೆ ಅಕ್ಕ."

ಅವನು ಚೀಲ ಹೆಗಲಿಗೆ ಏರಿಸಿಕೊಂಡು ಪಕ್ಕಕ್ಕೆ ಸರಿದ. ಅವಳು ನೇರವಾಗಿ ಕುರ್ಚಿಯ ಹತ್ತಿರ ಹೋಗಿ, ಬಗ್ಗದೆಯೇ ಕಾಲಿನ ತುದಿಯಿಂದ ಹಿಡಿಯನ್ನು ಮೇಲಕ್ಕೆತ್ತಿದಳು. ಯಾರೂ ಕೂರದ ಕುರ್ಚಿ ಉಸ್ಸೆಂದು ತಾನಾಗಿ ಏರತೊಡಗಿತು.

"ಅದನ್ನ ಯಾಕೆ..." ಎಂದ ಅವನು.

"ಕೆಳಗಿನ ಕಂಬ ಒರೆಸ್ಬೇಕಲ್ಲ. ಏರಿಸ್ಕೊಂಡ್ರೆ ಸೊಂಟ ಬಗ್ಗಿಸೋದು ತಪ್ಪತ್ತೆ."

"ದಿನಾ ಹೀಗೇನಾ?"

"ದಿನಾ. ನೀವು ಇಳಿಸಿಟ್ಟು ಹೋಗಿದ್ರೂ ಅಷ್ಟೆ, ಆ ಉದ್ದದ ಸಾರ್ ಹೇಗಿಟ್ಟು ಹೋಗಿದ್ರೂ ಅಷ್ಟೆ. ನಂಗೆ ಇದೊಂದೇ ಗೊತ್ತಿರೋದು." ಅವಳು ಬಟ್ಟೆ ಹಿಂಡಿದಳು. "ಕೆಲಸ ಬೇಗ ಆಗತ್ತೆ. ಈಗ ಅದೇ ಪುಣ್ಯ."

ಅವಳು ಕಂಬ ಒರೆಸಿದಳು, ಚಕ್ರಗಳನ್ನು ಒರೆಸಿದಳು, ಕುರ್ಚಿಯ ಸುತ್ತ ನೆಲ ಒರೆಸಿದಳು. ಬಕೆಟ್ಟು ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು. ಬೆಳಕಿನ ಪೆಟ್ಟಿಗೆಯನ್ನು ಆರಿಸಲು ಅವನು ಮರೆತಿದ್ದ. ಒಳಗೆ ಎರಡು ಬಿಳಿ ಚೀಟಿಗಳು ಪಕ್ಕಪಕ್ಕ ಬಿದ್ದಿದ್ದವು. ಎದುರಿಗೆ ಒದ್ದೆ ನೆಲ, ಒದ್ದೆ ನೆಲದ ನಡುವೆ ಕುರ್ಚಿ. ಏರುವಷ್ಟೂ ಏರಿ, ಒಂದು ಕೂದಲೆಳೆಯೂ ಹೆಚ್ಚುಕಮ್ಮಿಯಿಲ್ಲದೆ, ಅದು ಅವನ ಅಳತೆಗೆ ನಿಂತಿತ್ತು.