ಕೆಂಚನಿಗೆ ಹೇಳಿದ ಮಾತು

ನಮ್ಮ ಭಾವ ಅಂಜನಪ್ಪನವರ ಎದುರು ನಿಂತು ನಾನು ಮಾತಾಡುವಂತಿರಲಿಲ್ಲ. ಗಂಡನ ಅಣ್ಣ ಅಂದಮೇಲೆ ತಮ್ಮನ ಹೆಂಡತಿಯಾದವಳು ಸೆರಗು ಎಳೆದುಕೊಂಡು ಗೋಡೆಯ ಮರೆಗೆ ಸರಿಯಬೇಕು, ಹೇಳುವುದೇನಾದರೂ ಇದ್ದರೆ ಇನ್ನೊಬ್ಬರ ಬಾಯಲ್ಲಿ ಹೇಳಿಸಬೇಕು. ನಮ್ಮ ಹಟ್ಟಿಯ ಎಲ್ಲ ಮನೆಗಳಲ್ಲೂ ಹಾಗೇ ನಡೆಯುತ್ತಿತ್ತು. ಅಕ್ಕ, ಅಂದರೆ ಭಾವನ ಹೆಂಡತಿ, ತೀರಿಹೋದ ಮೇಲೆ ನಮ್ಮ ಮನೆಯಲ್ಲಿ ಇನ್ನೊಬ್ಬರು ಅಂತ ಉಳಿದದ್ದು ನನ್ನ ಗಂಡ ಹುಚ್ಚಣ್ಣ ಒಬ್ಬನೇ. ಅವನೋ, ಅಣ್ಣ ಕೆಮ್ಮಿದರೆ ಎದ್ದು ನಿಲ್ಲುವ ಆಸಾಮಿ. ನಾನು ಹೇಳಿ ಕಳಿಸಿದ್ದರಲ್ಲಿ ಅರ್ಧ ನುಂಗಿ, ಉಳಿದರ್ಧಕ್ಕೆ ಬೆಲ್ಲ ಹಚ್ಚಿ ಒಪ್ಪಿಸುತ್ತಿದ್ದ. ಅದಕ್ಕೇ ನಾನು ನಾಯಿಗೆ ಹೇಳಲು ಶುರುಮಾಡಿದೆ.

"ಕೆಂಚಾ, ರಾಗಿ ಹಿಟ್ಟು ಮುಗೀತು ಕಣಪ್ಪ. ಮಿಲ್ಲಿಗೆ ಹೋಗೋರು ಯಾರೂ ಇಲ್ವಾ ಈ ಮನೇಲಿ?" ಅಂತ ನಾನು ಅಂಗಳದಲ್ಲಿ ನಿಂತು ಅಂದರೆ, ಜಗಲಿಯ ಮೇಲಿನ ಭಾವ ಎಲೆ ಅಡಿಕೆ ಉಗಿದು, "ಕೆಂಚಾ, ನಾಳೆ ಹೋಯ್ತೀನಿ ಅಂತ ಹೇಳ್ಲಾ" ಅನ್ನುತ್ತಿದ್ದರು. ಕೆಂಚ ಒಮ್ಮೆ ನನ್ನ ಕಡೆ, ಒಮ್ಮೆ ಅವರ ಕಡೆ ನೋಡಿ ಬಾಲ ಆಡಿಸುತ್ತಿದ್ದ. ಹೀಗೆ ನಮ್ಮ ಸಂಸಾರದ ಸಕಲ ವ್ಯವಹಾರವೂ ಒಂದು ನಾಯಿಯ ತಲೆಯ ಮೇಲೆ ನಡೆಯುತ್ತಿತ್ತು.

ಕೆಂಚನ ನಿಜವಾದ ಕೆಲಸ ಕುರಿ ಕಾಯುವುದು. ನಮ್ಮ ಹಟ್ಟಿ ಚಿಕ್ಕನಾಯಕನಹಳ್ಳಿಯ ಆಚೆ, ಗುಡ್ಡದ ಬುಡದಲ್ಲಿ. ಮಳೆಗಾಲವೆಲ್ಲ ಕುರಿ ಅಲ್ಲೇ ಮೇಯುತ್ತಿದ್ದವು. ರಾಗಿ ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ತಿಪಟೂರು ಕಡೆಯ ತೆಂಗಿನ ತೋಟಗಳಿಗೆ ಹೋಗುತ್ತಿದ್ದೆವು. ತೋಟದಲ್ಲಿ ಮಂದೆ ತಂಗಿದರೆ ಮರಕ್ಕೆ ಗೊಬ್ಬರ, ನಮಗೆ ಕಾಳುಕಡ್ಡಿ. ದಾರಿಯುದ್ದಕ್ಕೂ ಮಂದೆಗೆ ಕಾವಲು ಕೆಂಚನೇ. ಅವನನ್ನು ಕಣ್ಣು ಬಿಡದ ಮರಿಯಾಗಿದ್ದಾಗ ಕಂಬಳಿಯೊಳಗೆ ಸುತ್ತಿ ತಂದವರು ಭಾವ. ಮುದ್ದೆ ಹಾಕಿ ಬೆಳೆಸಿದವಳು ನಾನು. ಆದ್ದರಿಂದ ಅವನ ಮೇಲೆ ಇಬ್ಬರಿಗೂ ಹಕ್ಕಿತ್ತು, ಇಬ್ಬರಿಗೂ ಜಂಬವಿತ್ತು.

ಎಪ್ಪತ್ತೊಂಬತ್ತನೇ ಇಸವಿ. ಮಂದೆ ಹೊರಡಲು ಇನ್ನು ಸ್ವಲ್ಪವೇ ಕಾಲವಿತ್ತು. ಒಂದು ಸಂಜೆ ಹುಚ್ಚಣ್ಣ ಕುರಿ ಹೊಡೆದುಕೊಂಡು ಬರುವಾಗ ಬಂಡೆಯ ಸಂದಿಯಿಂದ ಚಿರತೆ ಮಂದೆಗೆ ಹಾರಿತು. ಕೆಂಚ ಅಡ್ಡ ಬಿದ್ದ. ಅವನ ಕುತ್ತಿಗೆಯಲ್ಲಿ ಕಬ್ಬಿಣದ ಮುಳ್ಳಿನ ಪಟ್ಟಿ ಇದ್ದುದರಿಂದ ಕುತ್ತಿಗೆಗೆ ಹಾಕಿದ ಬಾಯನ್ನು ಚಿರತೆ ಬಿಡಬೇಕಾಯಿತು. ಬಿಟ್ಟಿದ್ದೇ ಹಿಂದಿನ ತೊಡೆಗೆ ಹಾಕಿತು. ಹುಚ್ಚಣ್ಣ ಬೊಬ್ಬೆ ಹೊಡೆದು ಕಲ್ಲು ಬೀರಿದ ಮೇಲೆ ಬಿಟ್ಟು ಓಡಿತಂತೆ. ಒಂದು ಕುರಿಯೂ ಹೋಗಲಿಲ್ಲ. ಕೆಂಚ ಮೂರು ಕಾಲಲ್ಲಿ ಕುಂಟುತ್ತಾ ಮಂದೆಯ ಹಿಂದೆ ಬಂದು, ಕೊನೆಯ ಕುರಿ ರೊಪ್ಪದೊಳಗೆ ಹೋದ ಮೇಲೆ ಬಾಗಿಲಲ್ಲಿ ಬಿದ್ದುಕೊಂಡ. ನಾನು ಅವನ ಪಕ್ಕ ಕೂತು ಗೊಳೋ ಅಂತ ಅತ್ತೆ.

ಮದ್ದು ಹಾಕುವುದರಲ್ಲಿ ಭಾವನದು ಎತ್ತಿದ ಕೈ. ಹಳೆ ಕಂಬಳಿಯ ತುಂಡು ಸುಟ್ಟು, ಆ ಬೂದಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಗಾಯಕ್ಕೆ ಒತ್ತಿಬಿಡುವುದು ಅವರ ಮದ್ದು. ಉಣ್ಣೆ ಕತ್ತರಿಸುವಾಗ ಕುರಿಯ ಚರ್ಮ ತರಚಿದರೆ ಅದು ಚೆನ್ನಾಗಿ ಹಿಡಿಯುತ್ತಿತ್ತು, ಇಲ್ಲ ಅನ್ನಬಾರದು. ಸುತ್ತಮುತ್ತಲ ಹಟ್ಟಿಗಳವರು ಕುರಿ ಹೊತ್ತುಕೊಂಡು ಅವರ ಬಳಿಗೆ ಬರುತ್ತಿದ್ದರು. ಕೆಂಚನ ತೊಡೆಯಲ್ಲಿ ಹಲ್ಲು ಇಳಿದ ತೂತುಗಳಿಗೂ ಅದನ್ನೇ ಬೆರಳಲ್ಲಿ ತುರುಕಿದರು. ಬೂದಿ ಒಣಗಿ, ಮೇಲೆ ಹೆಂಟೆಯ ಹಾಗೆ ಗಟ್ಟಿಯಾಯಿತು. ರಕ್ತ ನಿಂತಿತು. ಭಾವ ಮೀಸೆ ತೀಡಿಕೊಂಡು, "ಕೆಂಚಾ, ಇನ್ನು ಮಿಕ್ಕಿದ್ದನ್ನ ನಿನ್ನ ನಾಲಿಗೇನೇ ನೋಡ್ಕೊಳ್ತೈತೆ ಬುಡು. ನಾಯಿ ಎಂಜಲೇ ನಾಯಿಗೆ ಮದ್ದು" ಅಂದರು.

ನಾಲಿಗೆ ಏನೂ ನೋಡಿಕೊಳ್ಳಲಿಲ್ಲ. ಕೆಂಚ ಹಗಲೆಲ್ಲ ಅದನ್ನೇ ನೆಕ್ಕಿದ. ತೊಡೆ ಸೋರೆಬುರುಡೆಯಂತೆ ಊದಿತು, ಮುಟ್ಟಿದರೆ ಸುಡುತ್ತಿತ್ತು. ಮುದ್ದೆ ಮೂಸಿ ಮುಖ ತಿರುಗಿಸಿದ. ಆಮೇಲೆ ವಾಸನೆ ಶುರುವಾಯಿತು. ಪಕ್ಕದ ಮನೆಯ ರಾಮಲಕ್ಷ್ಮಮ್ಮ ಬೇಲಿಯ ಆಚೆಯಿಂದಲೇ ಮೂಗು ಮುಚ್ಚಿಕೊಂಡು, "ನಿಮ್ಮ ನಾಯಿ ಬದುಕೈತಾ ಕಣೇ?" ಅಂತ ಕೇಳಿದಳು. ನಿನ್ನ ಬಾಯಿಗೆ ಮಣ್ಣು ಹಾಕ ಅಂತ ಬೈದು ಅಟ್ಟಿದೆ.

ಆ ಸಂಜೆ ಭಾವ ಜಗಲಿಯಲ್ಲಿ ಕೂತು, ತಲೆ ತಗ್ಗಿಸಿ ತಮ್ಮನಿಗೆ ಹೇಳಿದರು: "ತುರುವೇಕೆರೆ ಕಡೆಯೋರು ಒಂದು ನಾಯಿ ಕೊಡ್ತೀನಿ ಅಂದವ್ರೆ. ಮಂದೆ ಹೊರಡೋ ಹೊತ್ಗೆ ಇದು ಎದ್ದು ನಡೀದಿದ್ರೆ ಗುಡ್ಡದ ಬುಡಕ್ಕೆ ಬುಟ್ಟು ಬತ್ತೀನಿ. ಇಲ್ಲಿದ್ರೆ ನೊಣ ಎಲ್ಲಾ ಕುರಿಗೆ ಹತ್ತುತ್ತವೆ."

ಗುಡ್ಡದ ಬುಡ ಅಂದರೆ ಚಿರತೆಯ ಬಾಯಿ. ಮಂದೆಯನ್ನು ಉಳಿಸಿದವನನ್ನು ಅದೇ ಚಿರತೆಗೆ ಬಡಿಸುವುದು. ನನ್ನ ಮೈಯೆಲ್ಲ ಉರಿದುಹೋಯಿತು. ಹುಚ್ಚಣ್ಣನ ಕಡೆ ನೋಡಿದೆ. ಅವನು ಹೂಂ ಅಂತ ತಲೆಯಾಡಿಸುತ್ತಿದ್ದ. ಅವನಿಗೆ ಆ ರಾತ್ರಿ ಸಾರು ಬಡಿಸುವಾಗ ಸೌಟಿನ ಸದ್ದೇ ಜಾಸ್ತಿಯಿತ್ತು.

ಬೆಳಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿ ಚಿಕ್ಕನಾಯಕನಹಳ್ಳಿಯ ದನದ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ಒಂದು ಎಮ್ಮೆಗೆ ಸೂಜಿ ಚುಚ್ಚುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಎಮ್ಮೆಯ ಬೆನ್ನಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದರು.

"ಮೇಲೆ ಮುಚ್ಚಿ ಒಳಗೆ ಕೀವು ಕೂಡಿಹಾಕಿದ್ದೀರಲ್ಲಮ್ಮ" ಅಂದರು. "ಚಿರತೆ ಹಲ್ಲು ಅಂದ್ರೆ ಮೊಳೆ ಹೊಡೆದ ಹಾಗೆ. ಬಾಯಿ ಸಣ್ಣದು, ಒಳಗೆ ಆಳ. ಆ ಹೆಂಟೆ ನೆನೆಸಿ ತೆಗೀರಿ. ಸುತ್ತ ಕೂದಲು ಕತ್ತರಿಸಿ. ನೀರು ಚೆನ್ನಾಗಿ ಕುದಿಸಿ, ಉಪ್ಪು ಹಾಕಿ, ಉಗುರುಬೆಚ್ಚಗೆ ಆದ್ಮೇಲೆ ತೂತಿನೊಳಕ್ಕೆ ಬಿಡಿ. ಹೊರಗೆ ಬರೋ ನೀರು ತಿಳಿಯಾಗೋ ತನಕ ಬಿಡ್ತಾನೇ ಇರಿ. ದಿನಾ ಎರಡು ಹೊತ್ತು."

"ಆಮೇಲೆ ಕಟ್ಟು ಕಟ್ಟಬೇಕಾ ಸ್ವಾಮಿ?"

"ಕಟ್ಟೂ ಬೇಡ, ಹೊಲಿಗೇನೂ ಬೇಡ. ಒಳಗಿನಿಂದ ತುಂಬ್ಕೊಂಡು ಬರಬೇಕು ಅದು. ಬಾಯಿ ಮೊದಲೇ ಮುಚ್ಚಿಕೊಂಡರೆ ಮತ್ತೆ ಕೀವು. ನೆಕ್ಕೋಕೆ ಬಿಡಬೇಡಿ, ನಾಯಿ ಬಾಯಲ್ಲೂ ನಂಜಿರುತ್ತೆ. ಹಂದನಕೆರೆ ಕಡೆ ಕ್ಯಾಂಪು ಇದೆ ನಂಗೆ, ಹೋಗ್ತಾ ನಿಮ್ಮ ಹಟ್ಟಿಗೆ ಬಂದು ಸೂಜಿ ಹಾಕ್ತೀನಿ. ನಾನು ಬರೋ ಹೊತ್ತಿಗೆ ತೊಳೆದಿರಬೇಕು." ಕೊನೆಗೆ, "ತಲೆ ಹಿಡ್ಕೊಳ್ಳೋಕೆ ಗಟ್ಟಿ ಆಳು ಬೇಕು ಕಣಮ್ಮ, ನೋವಿಗೆ ಕಚ್ಚಿಬಿಡುತ್ತೆ" ಅಂದರು.

ಗಟ್ಟಿ ಆಳು. ಬಸ್ಸಿನಲ್ಲಿ ವಾಪಸು ಬರುವಾಗ ಅದೊಂದೇ ಯೋಚನೆ. ಕೆಂಚನ ದವಡೆಗೆ ಕೈ ಹಾಕಬಲ್ಲವರು ಲೋಕದಲ್ಲಿ ಒಬ್ಬರೇ ಇದ್ದರು. ಅವರ ಮದ್ದನ್ನೇ ನಾನು ಕಿತ್ತು ಹಾಕಬೇಕಿತ್ತು. ಮೊದಲು ಹುಚ್ಚಣ್ಣನನ್ನು ಕೇಳಿದೆ. "ಅಣ್ಣ ಹಾಕಿದ್ದನ್ನ ಕೀಳೋದಾ? ನನ್ನ ಕೈಲಾಗಲ್ಲ ಕಣೇ" ಅಂದವನೇ ಕುರಿ ಹೊಡೆದುಕೊಂಡು ಗುಡ್ಡಕ್ಕೆ ಹೋದ.

ನೀರು ಕುದಿಸಿ ಆರಲು ಇಟ್ಟೆ. ಉಣ್ಣೆ ಕತ್ತರಿಯನ್ನೂ ಕುದಿಸಿದೆ. ತೂತಿನೊಳಕ್ಕೆ ನೀರು ಬಿಡುವುದು ಹೇಗೆ? ಚೊಂಬಿನಲ್ಲಿ ಹುಯ್ದರೆ ಮೇಲಷ್ಟೇ ನೆನೆಯುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ ಒಲೆಗೆ ಅಂತ ಕೂಡಿಟ್ಟ ತೆಂಗಿನ ಕರಟಗಳಿದ್ದವು. ಕಣ್ಣಿರುವ ಒಂದು ಹೋಳನ್ನು ಉಜ್ಜಿ ತೊಳೆದು ಕುದಿಸಿ, ಆ ಕಣ್ಣನ್ನು ದಬ್ಬಳದಿಂದ ಚುಚ್ಚಿದೆ. ನೀರು ತುಂಬಿ ಎತ್ತಿ ಹಿಡಿದರೆ ಸಣ್ಣ ಧಾರೆ ಸೊಯ್ಯನೆ ಇಳಿಯಿತು. ಅಷ್ಟು ದುಃಖದಲ್ಲೂ ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ಭಾವ ಜಗಲಿಯಲ್ಲಿದ್ದರು. ನಾನು ಅಂಗಳದಲ್ಲಿ ಮಲಗಿದ್ದ ಕೆಂಚನ ಪಕ್ಕ ನಿಂತು, "ಕೆಂಚಾ, ನಿನ್ನ ತಲೆ ಹಿಡ್ಕೊಳ್ಳೋಕೆ ಒಬ್ರು ಬೇಕಿತ್ತು ಕಣಪ್ಪ. ಡಾಕ್ಟ್ರು ಗಾಯದ ಬಾಯಿ ಬಿಡಿಸಿ ತೊಳೀರಿ ಅಂದವ್ರೆ" ಅಂದೆ.

ಜಗಲಿಯಿಂದ ಉತ್ತರ ಬಂತು. "ಕೆಂಚಾ, ನಾನು ಹಾಕಿದ ಮದ್ದನ್ನ ಇಲ್ಲೀಗಂಟ ಯಾರೂ ಕಿತ್ತಿಲ್ಲ ಅಂತ ಹೇಳ್ಲಾ."

ಕೆಂಚ ತಲೆ ಎತ್ತಲಿಲ್ಲ. ನನ್ನ ಕಡೆ ನೋಡಲಿಲ್ಲ, ಅವರ ಕಡೆಯೂ ನೋಡಲಿಲ್ಲ. ಬಾಲ ನೆಲದ ಮೇಲೆ ಸುಮ್ಮನೆ ಬಿದ್ದಿತ್ತು. ನಾನು ನೆಟ್ಟಗೆ ಜಗಲಿಯ ಮುಂದೆ ಹೋದೆ. ಸೆರಗು ಜಾರಿತ್ತು, ಎಳೆದುಕೊಳ್ಳಲಿಲ್ಲ.

"ಭಾವಾ, ಆ ನಾಯಿಗೆ ಈಗ ಕೇಳಿಸ್ತಿಲ್ಲ. ಅದಕ್ಕೇ ನಿಮಗೇ ಹೇಳ್ತೀನಿ. ನಿಮ್ಮ ಮದ್ದು ಕೆಟ್ಟದ್ದು ಅಂತ ನಾನು ಅನ್ನಲ್ಲ. ಆದ್ರೆ ಮೇಲೆ ಒಣಗಿ ಒಳಗೆ ಕೊಳೀತಾ ಐತೆ. ಕಂಬಳೀಲಿ ಸುತ್ಕೊಂಡು ತಂದೋರು ನೀವು. ಬಂದು ತಲೆ ಹಿಡ್ಕೊಳಿ."

ಬೇಲಿಯ ಆಚೆ ರಾಮಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಸಂಜೆಯೊಳಗೆ ಹಟ್ಟಿಗೆಲ್ಲ ಸುದ್ದಿ ಅಂತ ಗೊತ್ತಿತ್ತು. ಆಗಲಿ ಅಂದುಕೊಂಡೆ. ಭಾವ ಎದ್ದರು. ಹೊಡೆಯುತ್ತಾರೋ, ಟವೆಲ್ ಕೊಡವಿ ಹೊರಟುಹೋಗುತ್ತಾರೋ ತಿಳಿಯಲಿಲ್ಲ. ಅವರು ನನ್ನನ್ನು ದಾಟಿ ಅಂಗಳಕ್ಕೆ ಇಳಿದು, ಕೆಂಚನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದವಡೆಗೆ ಟವೆಲ್ ಸುತ್ತಿ ಹಿಡಿದರು.

ಬೂದಿಯ ಹೆಂಟೆ ಬಿಸಿನೀರಿನ ಬಟ್ಟೆಗೆ ನೆನೆದು ಮೆತ್ತಗಾಯಿತು. ಕೂದಲು ಕತ್ತರಿಸಿ ಅದನ್ನು ಎತ್ತಿದ್ದೇ ತಡ, ಕೀವು ಚಿಲ್ಲನೆ ಹಾರಿ ನನ್ನ ಕೈಗೆಲ್ಲ ಮೆತ್ತಿಕೊಂಡಿತು. ಆ ನಾತಕ್ಕೆ ಕರುಳು ಬಾಯಿಗೆ ಬಂತು. ಕೆಂಚ ಒದ್ದಾಡಿದ, ಗುರ್ರೆಂದ. ಭಾವ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದರು. ನಾನು ಕರಟ ಎತ್ತಿ ಹಿಡಿದು ಧಾರೆ ಬಿಟ್ಟೆ. ಒಂದು ತೂತಿನಲ್ಲಿ ಬಿಟ್ಟ ನೀರು ಇನ್ನೊಂದು ತೂತಿನಲ್ಲಿ ಹೊರಗೆ ಬಂತು. ಅದರ ಜೊತೆಗೆ ಬೂದಿಯ ಉಂಡೆಗಳು, ಕಂಬಳಿಯ ಸುಡದ ಎಳೆಗಳು. ಭಾವ ಅದನ್ನು ನೋಡಿದರು. ತಾವೇ ಬೆರಳಲ್ಲಿ ತುರುಕಿದ್ದು. ಅವರ ಮುಖ ಕಪ್ಪಿಟ್ಟಿತು.

ನೀರು ತಿಳಿಯಾಯಿತು ಅಂತ ನಾನು ಕರಟ ಕೆಳಗಿಟ್ಟರೆ ಅವರೇ ಬಗ್ಗಿ ನೋಡಿ, "ಇನ್ನೂ ಕೀವು ಬತ್ತೈತೆ, ಹುಯ್ಯಿ" ಅಂದರು. ಕೆಂಚನ ಹೆಸರು ಹಿಡಿಯದೆ ನನಗೆ ಹೇಳಿದ ಮೊದಲ ಮಾತು ಅದು.

ಡಾಕ್ಟರು ಮಾತು ತಪ್ಪಲಿಲ್ಲ. ಸೈಕಲ್ಲಿನಲ್ಲಿ ಬಂದು, ಗಾಯ ನೋಡಿ, ಸೂಜಿ ಹಾಕಿ, "ಯಾರು ತೊಳೆದಿದ್ದು?" ಅಂತ ಕೇಳಿದರು. ಭಾವ ಸೂರಿನ ಕಡೆ ನೋಡುತ್ತಾ, "ನಮ್ಮನೆಯೋರೇ" ಅಂದರು. ಮಾರನೆಯ ಬೆಳಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಒಂದು ಹಳೆ ಬಿದಿರಿನ ಮಂಕರಿ ಇತ್ತು. ಅದರ ತಳವನ್ನು ಯಾರೋ ದುಂಡಗೆ ಕತ್ತರಿಸಿ, ಅಂಚಿಗೆ ಬಟ್ಟೆ ಸುತ್ತಿದ್ದರು. ಯಾರು ಅಂತ ನಾನು ಕೇಳಲಿಲ್ಲ. ಕೆಂಚನ ಕುತ್ತಿಗೆಗೆ ಹಾಕಿದರೆ ಅಳತೆಗೆ ಸರಿಯಾಗಿ ಕೂತಿತು, ನಾಲಿಗೆ ತೊಡೆಗೆ ಎಟುಕಲಿಲ್ಲ. ಮಂಕರಿಯೊಳಗಿಂದ ಇಣುಕುವ ಅವನ ಮೂತಿ ನೋಡಲು ಹಟ್ಟಿಯ ಜನವೆಲ್ಲ ಬಂದರು. ದೊರೆ ಪಲ್ಲಕ್ಕಿಯಲ್ಲಿ ಕೂತವ್ನೆ ಅಂತ ನಕ್ಕರು. ನಗಲಿ ಬಿಡಿ, ಅವನು ಮುದ್ದೆ ತಿನ್ನಲು ಶುರುಮಾಡಿದ್ದ.

ಮಾತು ಮಾತ್ರ ಹಳೆಯ ಹಾಗೇ ಆಯಿತು. ನಾನು ಗೋಡೆಯ ಮರೆಗೆ, ಭಾವ ಜಗಲಿಗೆ, ನಡುವೆ ಕೆಂಚ. ಆದರೆ ಹೊತ್ತು ಹೊತ್ತಿಗೆ ನೀರು ಆರಿದ ಕೂಡಲೇ ಅವರು ತಾವಾಗಿಯೇ ಬಂದು ತಲೆ ಹಿಡಿದು ಕೂರುತ್ತಿದ್ದರು. ಗಾಯದ ಒಳಗೆ ಕೆಂಪು ಮಾಂಸ ತುಂಬುತ್ತಾ ಬಂತು. ಊತ ಇಳಿಯಿತು. ಒಂದು ದಿನ ನಾಲ್ಕನೆಯ ಕಾಲು ನೆಲಕ್ಕೆ ತಾಗಿತು. ಅವತ್ತು ನಾನು ರಾಮಲಕ್ಷ್ಮಮ್ಮನನ್ನು ಬೇಲಿಗೆ ಕರೆದು, "ಬದುಕೈತೆ ಕಣೇ" ಅಂತ ಹೇಳಿದೆ.

ಮಂದೆ ಹೊರಡುವ ಹೊತ್ತಿಗೆ ತುರುವೇಕೆರೆಯ ನಾಯಿ ಬೇಡ ಅಂತ ಭಾವ ಆಗಲೇ ಹೇಳಿ ಕಳಿಸಿದ್ದರು. ಹೊರಟ ಬೆಳಗ್ಗೆ ಮಂಕರಿ ತೆಗೆದು ಮುಳ್ಳಿನ ಪಟ್ಟಿ ಕಟ್ಟಿದೆವು. ಗುಡ್ಡದ ಆ ಬಂಡೆಯ ಹತ್ತಿರ ಬಂದಾಗ ಕೆಂಚ ನಿಂತ. ಕೂದಲು ನಿಮಿರಿಸಿ ಸಂದಿಯ ಕಡೆ ನೋಡಿ ಗುಡ್ಡ ಮರುದನಿ ಕೊಡುವ ಹಾಗೆ ಬೊಗಳಿದ. ಆಮೇಲೆ ಸಾವಕಾಶವಾಗಿ ಬಂಡೆಯ ಬಳಿ ಹೋಗಿ, ವಾಸಿಯಾದ ಅದೇ ಕಾಲನ್ನು ಎತ್ತಿ ಉಚ್ಚೆ ಹುಯ್ದು ಬಂದ. ಹುಚ್ಚಣ್ಣ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ನನಗೂ ಖುಷಿ ತಡೆಯಲಾಗಲಿಲ್ಲ, ನಡುದಾರಿಯಲ್ಲೇ ಅವನನ್ನು ತಬ್ಬಿಕೊಂಡೆ.

ತಿಪಟೂರು ಕಡೆಯ ಅರಳಗುಪ್ಪೆಯ ಹತ್ತಿರ ತೋಂಟದಾರ್ಯ ಅನ್ನುವವರ ತೋಟದಲ್ಲಿ ಮಂದೆ ತಂಗಿತು. ಗಾಯದ ಗುರುತು ನೋಡಿ ಅವರು, "ಏನಪ್ಪ ಅಂಜನಪ್ಪ, ನಿನ್ನ ಕಂಬಳಿ ಬೂದಿಗೆ ಚಿರ್ತೆ ಕಡಿತಾನೂ ವಾಸಿಯಾಯ್ತಾ?" ಅಂದರು. ಭಾವ ಕೇಳಿಸದವರ ಹಾಗೆ ಕುರಿ ಎಣಿಸುತ್ತಾ ನಡೆದರು.

ಅದಾಗಿ ಸ್ವಲ್ಪ ಕಾಲಕ್ಕೆ, ಒಂದು ಮಧ್ಯಾಹ್ನ ಭಾವ ಕುರಿಗಳಿಗೆ ಅಂತ ಹಸಿ ಸೊಪ್ಪು ಕಡಿಯುವಾಗ ಮಚ್ಚು ಜಾರಿ ಕಾಲಿಗೆ ಬಿತ್ತು. ಟವೆಲ್ ಒತ್ತಿಕೊಂಡು ಕುಂಟುತ್ತಾ ಬಂದು ತೋಟದಲ್ಲಿ ಹಾಕಿಕೊಂಡಿದ್ದ ನಮ್ಮ ಗುಡಿಸಲ ಮುಂದೆ ಕೂತರು. ನಾನು ಮರೆಗೆ ಸರಿದೆ. ಅವರು ಪಕ್ಕದಲ್ಲಿದ್ದ ನಾಯಿಯ ಬೆನ್ನು ಸವರಿ, "ಕೆಂಚಾ, ನಿಮ್ಮವ್ವಂಗೆ ಒಸಿ ನೀರು ಕಾಯ್ಸಕ್ಕೆ ಹೇಳ್ಲಾ" ಅಂದರು. ಕೆಂಚ ಬಾಲ ಆಡಿಸಿದ.

"ಕೆಂಚಾ, ಬೂದಿಗೀದಿ ಹಾಕಿಲ್ಲ ತಾನೇ ಅಂತ ಕೇಳಪ್ಪ" ಅಂದೆ.

ಭಾವ ತಲೆ ಎತ್ತಿ ನೆಟ್ಟಗೆ ನನ್ನ ಮುಖ ನೋಡಿದರು. "ಇಲ್ಲ ಕಣವ್ವ ಹನುಮಕ್ಕ, ಏನೂ ಹಾಕಿಲ್ಲ. ನಿನ್ನ ಹತ್ರಕ್ಕೇ ಬಂದಿವ್ನಿ."

ಒಲೆ ಹೊತ್ತಿಸಿ ನೀರಿಟ್ಟು, ಬಾಯಿ ಬಿಟ್ಟುಕೊಂಡು ನಿಂತಿದ್ದ ಹುಚ್ಚಣ್ಣನ ಕೈಗೆ ಒಂದು ಕರಟ ಕೊಟ್ಟೆ. "ಕಣ್ಣು ಚುಚ್ಚಿ ತೊಳ್ಕೊಂಡು ಬಾ. ಆಮೇಲೆ ನಿಮ್ಮಣ್ಣನ್ನ ತಿಪಟೂರು ಆಸ್ಪತ್ರೆಗೆ ಕರ್ಕೊಂಡು ಹೋಗು, ಸೂಜಿ ಹಾಕ್ತಾರೆ. ಈಗ ಅವ್ರ ತಲೆ ಹಿಡ್ಕೊಳ್ಳೋಕೆ ಕೆಂಚ ಅವ್ನೆ" ಅಂದೆ.